ಮೂರು ವರ್ಷ, 61 ಸಾವಿರ ಕಿಲೋಮೀಟರ್: ಮಂಡ್ಯದಲ್ಲಿ ಪಿಕಪ್ ಸಾಕಿದ ಕಥೆ

ಗಾಡಿ ತಂದ ಮೊದಲ ವಾರ. ಮನೆ ಮುಂದೆ ನಿಲ್ಲಿಸಿದ್ದೆ. ಹಿಂದಿನ ಬೀದಿಯ ದೊಡ್ಡಪ್ಪ ಬಂದು ಒಂದು ಸುತ್ತು ಹಾಕಿದರು. ಹಿಂದಿನ ಬಾಗಿಲ ಮೇಲೆ ಎರಡು ಸಲ ತಟ್ಟಿದರು. ‘ಅಲ್ಲ ಕಣ್ಲಾ, ಮೂವತ್ತು ಲಕ್ಷ ಸುರಿದು ಲಗೇಜ್ ಆಟೋ ತಂದಿದ್ದೀಯಲ್ಲ?’ ಅಂದರು. ನಾನು ನಕ್ಕು ಸುಮ್ಮನಾದೆ. ಈಗ ಮೂರು ವರ್ಷ ಎರಡು ತಿಂಗಳು. ಮೀಟರ್ 61 ಸಾವಿರ ದಾಟಿದೆ. ಅವರಿಗೆ ಇನ್ನೂ ನೆಟ್ಟಗೆ ಉತ್ತರ ಕೊಟ್ಟಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಮಂಡ್ಯದಿಂದ ಪಾಂಡವಪುರದ ಕಡೆಗೆ 11 ಕಿ.ಮೀ. ಕಬ್ಬು, ಭತ್ತ, ನಾಲ್ಕು ಹಸು. ಜೊತೆಗೆ ಬೋರ್‌ವೆಲ್ ಮೋಟಾರ್ ಮತ್ತು ಡ್ರಿಪ್ ಪೈಪಿನ ಕೆಲಸ. ಮೊದಲು ನನ್ನ ಹತ್ತಿರ ಹಳದಿ ಬೋರ್ಡಿನ ಒಂದು ಹಳೆ ಗೂಡ್ಸ್ ಗಾಡಿಯೂ ಒಂದು ಸಣ್ಣ ಕಾರೂ ಇದ್ದವು. ಎರಡನ್ನೂ ಮಾರಿ ಒಂದೇ ಗಾಡಿ ತಂದರೆ ಎರಡು ಇನ್ಶೂರೆನ್ಸ್, ಎರಡು ಸರ್ವಿಸ್ ತಪ್ಪುತ್ತದೆ ಎಂದು ಲೆಕ್ಕ ಹಾಕಿದೆ. ಹೆಂಡತಿಗೂ ಗೂಡ್ಸ್ ಗಾಡಿಯಲ್ಲಿ ಮದುವೆಗೆ ಇಳಿಯುವುದು ಸಾಕಾಗಿತ್ತು.

ಕಂಪನಿ ಹೆಸರು ಬರೆಯುವುದಿಲ್ಲ. ಬರೆದರೆ ಓದುವವರು ಅಲ್ಲೇ ಎರಡು ಪಕ್ಷ ಆಗುತ್ತಾರೆ, ವಿಷಯ ಹಾಳಾಗುತ್ತದೆ. ನಮ್ಮಲ್ಲಿ ಇಂಥ ಗಾಡಿ ಹೊಸದೇನೂ ಅಲ್ಲ. ಟಾಟಾ ಮೊಬೈಲ್ 1988ರಲ್ಲೇ ಬಂದಿತ್ತು. ಆಮೇಲೆ ಝೆನಾನ್, ಸ್ಕಾರ್ಪಿಯೊ ಗೆಟವೇ ಬಂದು ಹೋದವು. 2016ರಲ್ಲಿ ಇಸುಝು ವಿ-ಕ್ರಾಸ್, 2022ರಲ್ಲಿ ಟೊಯೊಟಾ ಹೈಲಕ್ಸ್ ಬಂದ ಮೇಲೆ ಜನ ತಿರುಗಿ ನೋಡತೊಡಗಿದರು. ನಾನು ಮುಂದೆ ಹೇಳುವುದರಲ್ಲಿ ಮುಕ್ಕಾಲು ಪಾಲು ಈ ಜಾತಿಯ ಯಾವ ಗಾಡಿಗಾದರೂ ಹೊಂದುತ್ತದೆ. ಡೀಸೆಲ್ ಎಂಜಿನ್, ಕೆಳಗೆ ಲಾರಿಯ ಹಾಗೆ ಚಾಸಿ, ನಾಲ್ಕು ಬಾಗಿಲು, ಐದು ಸೀಟು, ಹಿಂದೆ ತೆರೆದ ಬಾಡಿ, ಬಿಳಿ ಬೋರ್ಡು.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಲೈಫ್ ಟ್ಯಾಕ್ಸ್ ಶೇ 18, ಅದರ ಮೇಲೆ ಸೆಸ್ ಬೇರೆ. ನನಗೂ ಅದೇ ಲೆಕ್ಕ. ತೆರಿಗೆಯೇ ಐದು ಲಕ್ಷದ ಹತ್ತಿರ ಬಂತು. ಎಲ್ಲ ಸೇರಿ 31 ಲಕ್ಷ ದಾಟಿತು. ರಸೀದಿಯನ್ನು ಅವ್ವನಿಗೆ ತೋರಿಸಿಲ್ಲ.

ಈಗ ಮುಖ್ಯ ವಿಷಯ. ಈ ಗಾಡಿಗೆ ಹೊರೆ ಬೇಕು.

ಹಿಂದೆ ಇರುವುದು ಲೀಫ್ ಸ್ಪ್ರಿಂಗ್. ಕಬ್ಬಿಣದ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿದ್ದು, ಲಾರಿಗೆ ಇರುತ್ತದಲ್ಲ, ಅದೇ. ಭಾರ ತಡೆಯಲಿ ಎಂದು ಗಟ್ಟಿಯಾಗಿ ಮಾಡಿರುತ್ತಾರೆ. ಖಾಲಿ ಇದ್ದಾಗ ಅದು ಬಗ್ಗುವುದೇ ಇಲ್ಲ. ನಮ್ಮೂರಿಂದ ಮುಖ್ಯ ರಸ್ತೆಗೆ ಬರುವಷ್ಟರಲ್ಲಿ ಏಳು ಹಂಪುಗಳಿವೆ. ಖಾಲಿ ಗಾಡಿಯಲ್ಲಿ ಮುಂದಿನ ಚಕ್ರ ಮೆತ್ತಗೆ ಇಳಿಯುತ್ತದೆ, ಹಿಂದಿನದು ಒದೆಯುತ್ತದೆ. ಹಿಂದೆ ಕೂತವರ ಕಾಫಿ ಮೊಣಕಾಲಿಗೆ. ಅದೇ ನಾಲ್ಕು ಮೂಟೆ ಹಿಂಡಿ ಹಾಕಿ ನೋಡಿ. ಬೇರೆ ಗಾಡಿಯೇನೋ ಅನ್ನಿಸುತ್ತದೆ. ಅದೇ ಹಂಪನ್ನು ಎಮ್ಮೆ ಏರಿ ಇಳಿದ ಹಾಗೆ ನಿಧಾನಕ್ಕೆ ಏರಿ ಇಳಿಯುತ್ತದೆ.

ಎರಡನೇ ವರ್ಷ ಇದಕ್ಕೊಂದು ದಾರಿ ಕಂಡುಕೊಂಡೆ. ಮನೆಯವರನ್ನು ಕೂರಿಸಿಕೊಂಡು ದೂರ ಹೋಗುವಾಗ ಮೂರು ಮರಳಿನ ಚೀಲಗಳನ್ನು ಬಾಡಿಯಲ್ಲಿ ಹಾಕುತ್ತೇನೆ, ಹಿಂದಿನ ಚಕ್ರದ ನೇರಕ್ಕೆ. ಜಾರದ ಹಾಗೆ ಹಗ್ಗ ಕಟ್ಟಬೇಕು, ಮರೆಯಬೇಡಿ. ಟೈರಿನ ಗಾಳಿಯನ್ನೂ ಖಾಲಿ ಗಾಡಿಗೆ ಎಷ್ಟು ಹೇಳಿದ್ದಾರೋ ಅಷ್ಟೇ ಇಡಬೇಕು. ಬಾಗಿಲ ಪಕ್ಕದ ಚೀಟಿಯಲ್ಲಿ ಖಾಲಿಗೆ ಒಂದು, ಲೋಡಿಗೆ ಒಂದು ಅಂಕಿ ಇರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ದೊಡ್ಡ ಗಾಡಿ ಕಂಡ ಕೂಡಲೇ ನಲವತ್ತು ಹೊಡೆದುಬಿಡುತ್ತಾರೆ. ಇಷ್ಟು ಮಾಡಿದ ಮೇಲೆ ಮಹದೇಶ್ವರ ಬೆಟ್ಟಕ್ಕೆ ಹೋದಾಗ ಅವ್ವ ವಾಂತಿ ಮಾಡಿಕೊಳ್ಳಲಿಲ್ಲ. ಅದರ ಹಿಂದಿನ ಸಲ ಕೊಳ್ಳೇಗಾಲ ದಾಟುವ ಮುಂಚೆಯೇ ಶುರುವಾಗಿತ್ತು.

ಹೊರೆ ಬೇಕು ಅಂದೆ, ಆದರೆ ಬೇಕಾದಷ್ಟು ತುಂಬುವ ಹಾಗೂ ಇಲ್ಲ. ಆರ್‌ಸಿಯಲ್ಲಿರುವ ಒಟ್ಟು ತೂಕದಿಂದ ಖಾಲಿ ತೂಕ ಕಳೆಯಿರಿ. ಉಳಿದದ್ದರಲ್ಲಿ ಐದು ಜನರ ತೂಕವೂ ಸೇರಿದೆ. ಜನ ಕೂತ ಮೇಲೆ ಸಾಮಾನಿಗೆ ಉಳಿಯುವುದು ಅಷ್ಟಕ್ಕಷ್ಟೇ. 2005ರಲ್ಲಿ ಬಂದ ಟಾಟಾ ಏಸ್ ನೋಡಿ. ಬೆಲೆಯಲ್ಲಿ ಇದರ ಪಾದಕ್ಕೂ ಬರುವುದಿಲ್ಲ, ಆದರೆ ಮುಕ್ಕಾಲು ಟನ್ ಹೊರುತ್ತದೆ. ದೊಡ್ಡಪ್ಪನ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ.

ಬಾಡಿಯ ಉದ್ದ ಐದಡಿ. ನನ್ನ ಪೈಪುಗಳು ಇಪ್ಪತ್ತು ಅಡಿ. ಇದನ್ನು ಬುಕ್ ಮಾಡುವಾಗ ಯಾಕೆ ಯೋಚಿಸಲಿಲ್ಲವೋ ಗೊತ್ತಿಲ್ಲ. ಶೋರೂಮಿನ ಎಸಿಯಲ್ಲಿ ಅಳತೆ ನೆನಪಾಗುವುದಿಲ್ಲ. ಸುರುಳಿ ಸುತ್ತಿದ ಡ್ರಿಪ್ ಪೈಪಾದರೆ ಆರಾಮಾಗಿ ಕೂರುತ್ತದೆ. ಉದ್ದ ಪೈಪಿಗೆ ಈಗಲೂ ಬಾಡಿಗೆ ಗಾಡಿಯೇ ಗತಿ. ಇನ್ನೊಂದು, ಬಾಡಿಯ ತಳ ನೆಲದಿಂದ ಸೊಂಟದ ಎತ್ತರಕ್ಕಿದೆ. ಏಳೂವರೆ ಎಚ್‌ಪಿ ಸಬ್‌ಮರ್ಸಿಬಲ್ ಮೋಟಾರನ್ನು ಅಷ್ಟೆತ್ತರ ಎತ್ತಿ ಇಡಲು ಇಬ್ಬರು ಬೇಕು, ಇಬ್ಬರಿಗೂ ಬೆನ್ನು ಗಟ್ಟಿ ಇರಬೇಕು. ಹಳೆ ಗೂಡ್ಸ್ ಗಾಡಿಯಲ್ಲಿ ಹುಡುಗ ಒಬ್ಬನೇ ಜಾರಿಸಿ ಹಾಕುತ್ತಿದ್ದ.

ಹಾಗಾದರೆ ಯಾಕೆ ಇಟ್ಟುಕೊಂಡಿದ್ದೇನೆ? ನಾಲೆ ಏರಿಗಾಗಿ.

ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿ, ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟರು ಅಂದರೆ ನಮ್ಮ ಕಡೆ ಗದ್ದೆ ಬಯಲೆಲ್ಲ ಕೆಸರು. ಮೋಟಾರ್ ಕೆಡುವುದೂ ಅದೇ ಹೊತ್ತಿಗೆ. ಗಿರಾಕಿ ಫೋನ್ ಮಾಡಿ ‘ಅಣ್ಣ, ದಾರಿ ಚೆನ್ನಾಗೈತೆ, ಬಾ’ ಅನ್ನುತ್ತಾನೆ. ಟ್ರ್ಯಾಕ್ಟರ್ ಓಡಿ ಓಡಿ ಎರಡು ಕಾಲುವೆ ಆಗಿರುವುದು ಅವನಿಗೆ ದಾರಿ. ಹಿಂದೆ ಗಾಡಿ ನಿಲ್ಲಿಸಿ ಒಂದು ಕಿಲೋಮೀಟರ್ ಸಾಮಾನು ಹೊರುತ್ತಿದ್ದೆವು. ಈಗ ಗುಂಡಿ ತಿರುಗಿಸಿ 4ಎಚ್‌ಗೆ ಹಾಕಿದರೆ ಮುಂದಿನ ಚಕ್ರವೂ ಎಳೆಯತೊಡಗುತ್ತದೆ. ಸ್ಟೇರಿಂಗ್ ಸ್ವಲ್ಪ ಭಾರವಾಗುತ್ತದೆ. ಕೆಸರು ಕಿಟಕಿಗೆ ಸಿಡಿಯುತ್ತದೆ. ಗಾಡಿ ಮಾತ್ರ ಎತ್ತಿನ ಹಾಗೆ ತಲೆ ತಗ್ಗಿಸಿ ಹೋಗುತ್ತಲೇ ಇರುತ್ತದೆ. 4ಎಲ್, ಅಂದರೆ ನಾಲ್ಕೂ ಚಕ್ರ ನಿಧಾನಕ್ಕೆ ಆದರೆ ಜಾಸ್ತಿ ಬಲದಿಂದ ಎಳೆಯುವ ಗೇರು, ಬಳಸಿದ್ದು ಮೂರು ವರ್ಷದಲ್ಲಿ ಐದಾರು ಸಲ, ಅದರಲ್ಲಿ ನಾಲ್ಕು ಸಲ ಬೇರೆಯವರ ಗಾಡಿ ಎಳೆಯಲು. ಒಂದು ಸಲ ಹಿಟ್ಟು ಕಲಸಿದಂತಿದ್ದ ಕಪ್ಪು ಮಣ್ಣಿನಿಂದ ನೆಂಟರ ಕಾರನ್ನು ಎಳೆದೆ. ಅವತ್ತು ಊರವರ ಮುಂದೆ ದೊಡ್ಡಪ್ಪ ‘ನಮ್ಮ ಹುಡುಗನ ಗಾಡಿ’ ಅಂದಿದ್ದು ನನ್ನ ಕಿವಿಗೆ ಬಿತ್ತು.

ಇಲ್ಲೊಂದು ಎಚ್ಚರಿಕೆ. ಒಣಗಿದ ಟಾರು ರಸ್ತೆಯಲ್ಲಿ 4ಎಚ್ ಹಾಕಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡಬೇಕು. ಇಂಥ ಗಾಡಿಯಲ್ಲಿ ಎರಡನ್ನೂ ಒಟ್ಟಿಗೆ ಬಿಗಿದಿರುತ್ತದೆ. ಕೆಸರಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ, ಟಾರಿನಲ್ಲಿ ಜಾರುವುದಿಲ್ಲ. ನಮ್ಮ ಭಾವ ಒಮ್ಮೆ ಗದ್ದೆಯಿಂದ ಹಾಗೇ ಮಂಡ್ಯಕ್ಕೆ ಓಡಿಸಿಕೊಂಡು ಹೋಗಿದ್ದರು. ಪೆಟ್ರೋಲ್ ಬಂಕಿನಲ್ಲಿ ತಿರುಗಿಸುವಾಗ ಕೆಳಗಿಂದ ಕಟಕಟ ಅಂದಿದೆ, ಗಾಡಿ ಮೊಂಡು ಹಿಡಿದಿದೆ. ‘ಗೇರ್‌ಬಾಕ್ಸ್ ಹೋಯ್ತು ಕಣಪ್ಪ’ ಎಂದು ಫೋನ್ ಬಂತು. ನನ್ನ ಎದೆ ಧಸಕ್ ಅಂದಿತು. ಎರಡು ಮಾರು ಹಿಂದೆ ತೆಗೆದು, ಹಿಂದಿನ ಚಕ್ರ ಮಾತ್ರ ಎಳೆಯುವ 2ಎಚ್‌ಗೆ ಹಾಕಿ ಅಂದೆ. ಸರಿಹೋಯಿತು. ಬೇಸಿಗೆಯಲ್ಲಿ ಮಾತ್ರ ತಿಂಗಳಿಗೊಮ್ಮೆ ಮಣ್ಣು ರಸ್ತೆಯಲ್ಲಿ ಸ್ವಲ್ಪ ದೂರ 4ಎಚ್‌ನಲ್ಲಿ ಓಡಿಸಿ. ಒಳಗಿನ ಭಾಗಗಳಿಗೆ ಎಣ್ಣೆ ಆಡಬೇಕು.

ಗಾಡಿ ನನ್ನನ್ನು ನಿಜವಾಗಿ ಕಾಡಿದ್ದು ಡಿಪಿಎಫ್ ವಿಷಯದಲ್ಲಿ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಒಂದು ಜರಡಿ ಇರುತ್ತದೆ, ಅದೇ ಡಿಪಿಎಫ್. ಮಸಿ ತುಂಬಿದಾಗ ಗಾಡಿ ತಾನೇ ಅದನ್ನು ಸುಟ್ಟು ಶುಚಿ ಮಾಡಿಕೊಳ್ಳುತ್ತದೆ. ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು, ಅಂದರೆ ನಿಲ್ಲಿಸದೆ ಸ್ವಲ್ಪ ಹೊತ್ತು ಓಡಬೇಕು. ನನ್ನ ಓಡಾಟ ಹೇಗೆ? ಮನೆಯಿಂದ ಡೇರಿ, ಡೇರಿಯಿಂದ ಗದ್ದೆ, ಗದ್ದೆಯಿಂದ ಅಂಗಡಿ. ಒಂದೊಂದೂ ಮೂರು ಕಿಲೋಮೀಟರ್. ಎಂಟನೇ ತಿಂಗಳಲ್ಲಿ ಹಳದಿ ದೀಪ ಹತ್ತಿತು. ಏನೋ ಇರಬಹುದು ಎಂದು ಬಿಟ್ಟೆ. ವಾರದ ಮೇಲೆ ಗಾಡಿ ಎಳೆಯುವುದೇ ಕಡಿಮೆಯಾಯಿತು. ಸರ್ವಿಸ್ ಸೆಂಟರಿನಲ್ಲಿ ಕಂಪ್ಯೂಟರ್ ಹಾಕಿ ಸುಟ್ಟು ಕೊಟ್ಟರು. ಬಿಲ್ಲಿಗಿಂತ ಬೇಜಾರಾದದ್ದು ಬೇರೆ. ಮಾರುವಾಗ ಒಬ್ಬರೂ ಇದನ್ನು ಹೇಳಿರಲಿಲ್ಲ. ಆ್ಯಂಡ್ರಾಯ್ಡ್ ಆಟೊ ಬಗ್ಗೆ ಅರ್ಧ ಗಂಟೆ ಹೇಳಿದ್ದರು.

ಆಗಿನಿಂದ ಹದಿನೈದು ದಿನಕ್ಕೊಮ್ಮೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತಿಸುತ್ತೇನೆ. 118 ಕಿ.ಮೀ. ರಸ್ತೆಯಲ್ಲಿ ನನಗೆ ಬೇಕಾದದ್ದು ನಲವತ್ತು. 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲವಾದ್ದರಿಂದ ಒಂದೇ ಸಮ ಎಂಬತ್ತರಲ್ಲಿ ಹೋಗಬಹುದು. ಮಗಳು ಇದಕ್ಕೆ ‘ಗಾಡಿಗೆ ವಾಕಿಂಗ್’ ಅನ್ನುತ್ತಾಳೆ. ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಂಡು ಬರುವುದರಿಂದ ಮನೆಯಲ್ಲಿ ಯಾರದೂ ತಕರಾರಿಲ್ಲ. ಇನ್ನೊಂದು ಮಾತು. ಸುಡುವುದು ಅರ್ಧಕ್ಕೆ ನಿಲ್ಲುತ್ತಾ ಹೋದರೆ ಡೀಸೆಲ್ ಸ್ವಲ್ಪ ಸ್ವಲ್ಪವೇ ಎಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ಕಡ್ಡಿ ಎತ್ತಿ ನೋಡಿದಾಗ ಮಟ್ಟ ಇಳಿದಿದ್ದರೆ ಹೆದರುತ್ತೇವೆ, ಅಲ್ವಾ? ಇದರಲ್ಲಿ ಏರಿದ್ದರೂ ಹೆದರಬೇಕು.

ಮೈಲೇಜ್ ಎಕ್ಸ್‌ಪ್ರೆಸ್‌ವೇನಲ್ಲಿ 13, ಊರ ಓಡಾಟದಲ್ಲಿ ಹತ್ತಕ್ಕಿಂತ ಕೆಳಗೆ. 54 ಸಾವಿರ ಕಿ.ಮೀ.ಗೆ ಟೈರ್ ಬದಲಿಸಿದೆ, ನಾಲ್ಕಕ್ಕೆ 58 ಸಾವಿರ ರೂಪಾಯಿ. ಅದನ್ನು ಬರೆಯುವಾಗಲೂ ಕೈ ನಡುಗುತ್ತದೆ.

ಪಟ್ಟಣದಲ್ಲಿ ಇದು ಆನೆ. ಐದು ಮೀಟರಿಗಿಂತ ಉದ್ದ. ಮಂಡ್ಯದ ಪೇಟೆ ಬೀದಿಯಲ್ಲಿ ಒಂದು ಸಲ ಸಿಕ್ಕಿಹಾಕಿಕೊಂಡ ಮೇಲೆ ಆ ಕಡೆ ತಲೆ ಹಾಕಿಲ್ಲ. ಮೈಸೂರಿನಲ್ಲಿ ದೇವರಾಜ ಮಾರುಕಟ್ಟೆಗೆ ಹೋಗಬೇಕಾದರೆ ದೂರದಲ್ಲಿ ನಿಲ್ಲಿಸಿ ಆಟೋ ಹತ್ತುತ್ತೇವೆ. ದಸರಾ ಹೊತ್ತಿನಲ್ಲಂತೂ ಗಾಡಿ ಮನೆಯಲ್ಲೇ, ನಾವು ರೈಲಿನಲ್ಲಿ. ಒಂದು ಮಾಲಿನ ಕಾವಲುಗಾರ ‘ಗೂಡ್ಸ್ ಗಾಡಿ ಹಿಂದಿನ ಗೇಟ್ ಸಾರ್’ ಎಂದು ಕಸದ ಲಾರಿಯ ಹಿಂದೆ ಕಳಿಸಿದ. ರೇಷ್ಮೆ ಸೀರೆ ಉಟ್ಟಿದ್ದ ಹೆಂಡತಿ ಅವತ್ತು ಆಡಿದ ಮಾತು ಇಲ್ಲಿ ಬೇಡ. ಫಾಸ್ಟ್ಯಾಗ್‌ನಲ್ಲೂ ಅದೇ ಗೋಳು. ಮೊದಲ ಎರಡು ತಿಂಗಳು ಸರಕಿನ ಗಾಡಿ ಎಂದು ಜಾಸ್ತಿ ಹಣ ಕತ್ತರಿಸಿಕೊಂಡರು. ಆರ್‌ಸಿ ಕಳಿಸಿ, ನಾಲ್ಕು ಸಲ ಫೋನ್ ಮಾಡಿ ಕಾರಿನ ಲೆಕ್ಕಕ್ಕೆ ತರಿಸಿದೆ. ಗಾಡಿ ತಂದ ವಾರವೇ ಇದನ್ನು ನೋಡಿಕೊಳ್ಳಿ.

ಇಲಿ ಕಾಟ ಹೇಳದಿದ್ದರೆ ಕಬ್ಬಿನ ಊರಿನವನು ಅನ್ನಿಸಿಕೊಳ್ಳಲಾರೆ. ಕಬ್ಬು ಕಡಿದ ವಾರ ಗದ್ದೆಯ ಇಲಿಗಳೆಲ್ಲ ಮನೆ ಕಡೆ ಬರುತ್ತವೆ. ಹೋದ ಜನವರಿಯಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಮೂರು ದೀಪ ಒಟ್ಟಿಗೆ ಮಿಣುಕಿದವು. ಬಾನೆಟ್ ಎತ್ತಿದರೆ ಎಂಜಿನ್ ಮೇಲೆ ಅರ್ಧ ತಿಂದ ಕಬ್ಬಿನ ತುಂಡು, ಪಕ್ಕದಲ್ಲಿ ಎರಡು ವೈರು ತುಂಡು. ಸರ್ವಿಸ್ ಸೆಂಟರಿನಲ್ಲಿ ಪೂರ್ತಿ ವೈರಿಂಗ್ ಬದಲಿಸಬೇಕು, ಎಪ್ಪತ್ತು ಸಾವಿರ ಅಂದರು. ನಮ್ಮೂರ ಎಲೆಕ್ಟ್ರಿಷಿಯನ್ ಎಂಟುನೂರು ತೆಗೆದುಕೊಂಡು ಬೆಸುಗೆ ಹಾಕಿ, ಟೇಪ್ ಸುತ್ತಿ ಕೊಟ್ಟ. ಇವತ್ತಿನವರೆಗೂ ಏನೂ ಆಗಿಲ್ಲ. ವಾರಂಟಿ ಇದ್ದವರು ಹೀಗೆ ಮಾಡುವ ಮುಂಚೆ ಯೋಚಿಸಿ. ಈಗ ರಾತ್ರಿ ಬಾನೆಟ್ ಎತ್ತಿಟ್ಟು, ಒಂದು ಸಣ್ಣ ಬಲ್ಬ್ ಹಚ್ಚುತ್ತೇನೆ. ದೂರದಿಂದ ನೋಡಿದವರಿಗೆ ಗಾಡಿ ಬಾಯಿ ಬಿಟ್ಟುಕೊಂಡು ಮಲಗಿದ ಹಾಗೆ ಕಾಣುತ್ತದೆ.

ಇನ್ನು ಊರಿನ ಸಂಬಂಧ. ತೆರೆದ ಬಾಡಿ ಕಂಡರೆ ಯಾರಿಗೂ ಸಂಕೋಚ ಇರುವುದಿಲ್ಲ. ಮಂಚ, ಬೀರು, ಮದುವೆ ಪಾತ್ರೆ, ಗಣಪತಿ, ಕಾಯಿಲೆ ಬಿದ್ದ ಕರು ಎಲ್ಲವೂ ಇದರಲ್ಲಿ ಪ್ರಯಾಣ ಮಾಡಿವೆ. ಕಾರನ್ನು ಯಾರೂ ಕೇಳುತ್ತಿರಲಿಲ್ಲ. ಇದನ್ನು ಕೇಳದಿದ್ದರೆ ತಪ್ಪು ಅನ್ನುವ ಹಾಗೆ ಕೇಳುತ್ತಾರೆ. ಡೀಸೆಲ್ ಹಾಕಿಸಿ ಕೊಡುವವರು ಕಡಿಮೆ. ಕುಂಬಳಕಾಯಿ ಕೊಟ್ಟು ಹೋಗುವವರು ಜಾಸ್ತಿ.

ಕೊಳ್ಳಬೇಕು ಅಂದುಕೊಂಡವರು ಒಂದು ಕೆಲಸ ಮಾಡಿ. ಕಳೆದ ತಿಂಗಳ ಕ್ಯಾಲೆಂಡರ್ ತೆಗೆದು, ಹಿಂದೆ ಹೊರೆ ಇರುತ್ತಿದ್ದ ದಿನ ಎಷ್ಟು, ಕೆಸರಿಗಿಳಿದ ದಿನ ಎಷ್ಟು ಎಂದು ಗುರುತು ಹಾಕಿ. ನನ್ನದರಲ್ಲಿ ಹೊರೆ ಹದಿನಾರು, ಕೆಸರು ಏಳು. ಹತ್ತಕ್ಕಿಂತ ಕಡಿಮೆ ಬಂದರೆ ಒಂದು ಕಾರು ತಗೊಂಡು, ಬೇಕಾದಾಗ ಲಗೇಜ್ ಆಟೋ ಕರೆಯಿರಿ. ದೊಡ್ಡಪ್ಪನೂ ಇದನ್ನೇ ಹೇಳುತ್ತಿದ್ದರೇನೋ.

ಒಂದು ಮರೆತೆ. ಮಳೆಗೆ ಸಾಮಾನು ನೆನೆಯಬಾರದು ಎಂದು ಮೊದಲ ವರ್ಷವೇ 45 ಸಾವಿರ ಕೊಟ್ಟು ಹಿಂದಿನ ಬಾಡಿಯ ಮೇಲೆ ಗಟ್ಟಿ ಮುಚ್ಚಳ ಹಾಕಿಸಿದೆ. ಎರಡೇ ತಿಂಗಳಿಗೆ ಬಿಚ್ಚಿಸಿದೆ. ಹಸುವಿನ ಹುಲ್ಲಿನ ಹೊರೆ ಅದರ ಕೆಳಗೆ ಹಿಡಿಯುವುದಿಲ್ಲ. ಈಗ ಆರುನೂರು ರೂಪಾಯಿಯ ಟಾರ್ಪಾಲ್ ಸಾಕಾಗಿದೆ. ಮುಚ್ಚಳ ಕೊಟ್ಟಿಗೆಯಲ್ಲಿ ಗೋಡೆಗೆ ಒರಗಿಸಿಟ್ಟಿದೆ. ಯಾರಿಗಾದರೂ ಬೇಕಿದ್ದರೆ ಅರ್ಧ ಬೆಲೆಗೆ ಕೊಡುತ್ತೇನೆ, ಆದರೆ ಈ ತಿಂಗಳು ಬೇಡ. ಅದರ ಹಿಂದೆ ಕೋಳಿ ಕಾವಿಗೆ ಕೂತಿದೆ.