ಕಲಬುರಗಿಯ ಬಿಸಿಲಿಗೆ ಹೂಗಿಡ: ಒಂದು ನರ್ಸರಿ, ಎರಡು ಬೇಸಿಗೆ

ಕಲಬುರಗಿಯ ಹೊರವಲಯದ ಒಂದು ಸಣ್ಣ ನರ್ಸರಿಯಿಂದ 2023ರ ಜೂನ್‌ನಲ್ಲಿ, ಮೃಗಶಿರಾ ಮಳೆ ಬಿದ್ದ ವಾರ, ಹದಿನಾಲ್ಕು ಹೂಗಿಡಗಳನ್ನು ತಂದಿದ್ದೆ. ಎರಡು ಬೇಸಿಗೆ ಕಳೆಯುವ ತನಕ ಅವುಗಳ ಬಗ್ಗೆ ಏನನ್ನೂ ಬರೆಯಬಾರದೆಂದು ಅಂದೇ ನಿಶ್ಚಯಿಸಿದ್ದೆ. ಮಳೆಗಾಲದಲ್ಲಿ ನೆಟ್ಟ ಯಾವ ಗಿಡವಾದರೂ ನಮ್ಮ ಕಡೆ ದೀಪಾವಳಿಯವರೆಗೆ ಚೆನ್ನಾಗಿಯೇ ಕಾಣುತ್ತದೆ; ಅದರ ನಿಜವಾದ ಪರೀಕ್ಷೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟಿ ಒಣಗಾಳಿ ಬೀಸತೊಡಗಿದಾಗ. ಹದಿನಾಲ್ಕರಲ್ಲಿ ಹನ್ನೊಂದು ಗಿಡಗಳು ಇಂದಿಗೂ ನಮ್ಮ ಅಂಗಳದಲ್ಲಿವೆ. ಅದಕ್ಕೂ ಮುಂಚೆ ಬೇರೆ ಬೇರೆ ಕಡೆಯಿಂದ ತಂದವುಗಳಲ್ಲಿ ಅರ್ಧದಷ್ಟೂ ಒಂದು ಬೇಸಿಗೆ ದಾಟಿರಲಿಲ್ಲ.

ಈ ವ್ಯತ್ಯಾಸಕ್ಕೆ ಕಾರಣ ಗಿಡದ ಜಾತಿಯೊಂದೇ ಅಲ್ಲ. ಇಲ್ಲಿನ ಅನೇಕ ನರ್ಸರಿಗಳಂತೆ ಇವರೂ ಆಂಧ್ರದ ಕಡಿಯಂ ಕಡೆಯಿಂದ ಲಾರಿಯಲ್ಲಿ ಗಿಡ ತರಿಸುತ್ತಾರೆ. ಗೋದಾವರಿ ದಂಡೆಯ ತೇವದ ಗಾಳಿಯಲ್ಲಿ ಬೆಳೆದ ಗಿಡ ಇಲ್ಲಿಗೆ ಬಂದು ಹಸಿರು ಪರದೆಯ ನೆರಳಿನಲ್ಲಿ ನಿಂತು, ಅಲ್ಲಿಂದ ನೇರವಾಗಿ ನಮ್ಮ ಅಂಗಳದ ಬಿಸಿಲಿಗೆ ಇಳಿದರೆ ಕಣಗಿಲೆಯಂಥ ಗಟ್ಟಿ ಗಿಡವೂ ಎಲೆ ಉದುರಿಸಿ ಕೂರುತ್ತದೆ. ಈ ನರ್ಸರಿಯ ಮಾಲೀಕರು ಹೊಸದಾಗಿ ಬಂದ ಗಿಡಗಳನ್ನು ಹದಿನೈದು ದಿನ ಮಾತ್ರ ನೆರಳಿನಲ್ಲಿಟ್ಟು, ಬಳಿಕ ಸುಮಾರು ಒಂದು ತಿಂಗಳು ಬಯಲಿನಲ್ಲಿ ಜೋಡಿಸಿ, ಆಮೇಲೆ ಮಾರುತ್ತಾರೆ. ಹಾಗಾಗಿ ಇಲ್ಲಿನ ಗಿಡಗಳು ನೋಡಲು ಅಷ್ಟೇನೂ ಆಕರ್ಷಕವಾಗಿಲ್ಲ. ಎಲೆ ಚಿಕ್ಕದು, ದಪ್ಪ, ಕೆಲವದರ ಅಂಚು ತುಸು ಸುಟ್ಟಿರುತ್ತದೆ, ಹೂವಂತೂ ಅಪರೂಪ. ನನ್ನ ಕಣ್ಣೆದುರೇ ಇಬ್ಬರು ಗ್ರಾಹಕರು ಅವುಗಳನ್ನು ದಾಟಿ ಪರದೆಯ ಕೆಳಗಿನ ಹೂ ತುಂಬಿದ ಗಿಡಗಳತ್ತ ಹೋದರು. ಬಯಲಿನ ಗಿಡವನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಖಚಿತ ಸಲಹೆ.

ಮಾಲೀಕರು ಗಿಡ ತೋರಿಸುವ ಮೊದಲು ಕೇಳಿದ ಪ್ರಶ್ನೆ ನನಗೆ ಬಹಳ ಮೆಚ್ಚಿಗೆಯಾಯಿತು: "ಅಕ್ಕಾರ, ಬಿಸಲು ಎಷ್ಟೊತ್ತು ಬೀಳ್ತದ್ರೀ? ಬೋರಿನ ನೀರು ಸವಳು ಅದನೋ, ಸಿಹಿ ಅದನೋ?" ನಮ್ಮದು ಸವಳು ನೀರು, ಪಶ್ಚಿಮಕ್ಕೆ ತೆರೆದ ಅಂಗಳ, ಎರೆಮಣ್ಣು ಎಂದಾಗ ಅವರು ಗುಲಾಬಿಯ ಸಾಲಿಗೆ ಕರೆದೊಯ್ಯಲೇ ಇಲ್ಲ. ಕಾಗದದ ಹೂ ನಾಲ್ಕು, ಕಣಗಿಲೆ ಮೂರು, ದೇವಕಣಗಿಲೆ ಎರಡು, ಅಡೀನಿಯಂ ಎರಡು, ರತ್ನಗಂಧಿ ಒಂದನ್ನು ಅವರೇ ಆರಿಸಿ ಕೊಟ್ಟರು.

ಇವುಗಳಲ್ಲಿ ನನ್ನ ಮನಸ್ಸು ಗೆದ್ದದ್ದು ಕಣಗಿಲೆ. ಅದರ ಎಲೆಯನ್ನು ಮಗುಚಿ ಭೂತಗನ್ನಡಿಯಲ್ಲಿ ನೋಡಿದರೆ ಅಡಿಭಾಗದಲ್ಲಿ ಸಣ್ಣ ಸಣ್ಣ ಗುಳಿಗಳೂ ಅವುಗಳೊಳಗೆ ನವಿರಾದ ರೋಮಗಳೂ ಕಾಣುತ್ತವೆ. ಎಲೆ ಉಸಿರಾಡುವ ರಂಧ್ರಗಳು ಆ ಗುಳಿಗಳೊಳಗೆ ಅಡಗಿರುವುದರಿಂದ ಬಿಸಿಗಾಳಿಗೆ ನೀರು ಬೇಗ ಆರುವುದಿಲ್ಲ. 2024ರ ಮೇ ತಿಂಗಳಲ್ಲಿ ಊರಿಗೆ ಹೋಗಿ ಒಂಬತ್ತು ದಿನ ನೀರು ಹಾಕದಿದ್ದಾಗಲೂ ಮೂರು ಗಿಡಗಳು ಗುಲಾಬಿ ಬಣ್ಣದ ಗೊಂಚಲು ಹೊತ್ತು ನಿಂತಿದ್ದವು. ಆದರೆ ಕಣಗಿಲೆಯ ಪ್ರತಿಯೊಂದು ಭಾಗವೂ ವಿಷ. ದನ ಮೇಯುವ ಬೇಲಿಯ ಬದಿಗೂ ಚಿಕ್ಕ ಮಕ್ಕಳು ಆಡುವ ಜಾಗಕ್ಕೂ ಅದು ಬೇಡ. ಮಾಲೀಕರು ಈ ಎಚ್ಚರಿಕೆಯನ್ನು ನಾನು ಕೇಳದೆಯೇ ಹೇಳಿದರು.

ಕಾಗದದ ಹೂವಿಗೆ ನೀರು ಹೆಚ್ಚಾದರೆ ಬರೀ ಎಲೆ, ಕಡಿಮೆಯಾದರೆ ಮೈತುಂಬ ಬಣ್ಣ. ನಾವು ಹೂವೆಂದು ಕರೆಯುವ ಆ ಮೂರು ತೆಳುವಾದ ಹಾಳೆಗಳು ಬಣ್ಣ ತಳೆದ ಎಲೆಗಳೇ. ಅವುಗಳ ನಡುವಿನ ಪುಟ್ಟ ಬಿಳಿ ನಳಿಕೆಗಳು ನಿಜವಾದ ಹೂ. ದೇವಕಣಗಿಲೆ ಚಳಿಗಾಲದಲ್ಲಿ ಎಲೆ ಉದುರಿಸಿ ಬೋಳಾದಾಗ ಸತ್ತಿತೆಂದು ಕಿತ್ತುಹಾಕಬೇಡಿ. ರತ್ನಗಂಧಿಗೆ ವರ್ಷಕ್ಕೊಮ್ಮೆ ಕತ್ತರಿ ಹಾಕುವುದಲ್ಲದೆ ಬೇರೇನೂ ಮಾಡಿಲ್ಲ.

ಸತ್ತ ಮೂರು ಗಿಡಗಳ ವಿಷಯದಲ್ಲಿ ನರ್ಸರಿಯ ತಪ್ಪಿದೆ. ಮಾಲೀಕರು ಬಿಲ್ಲು ಬರೆಯಲು ಒಳಗೆ ಹೋದಾಗ ಕೆಲಸದ ಹುಡುಗ "ಇದೂ ಗಟ್ಟಿ ಅದರಿ" ಎಂದು ಎರಡು ಇಕ್ಸೋರಾ ಸೇರಿಸಿದ. ಇಕ್ಸೋರಾ ಹುಳಿ ಗುಣದ ಮಣ್ಣು ಬಯಸುವ ಗಿಡ. ನಮ್ಮ ಎರೆಮಣ್ಣಿನಲ್ಲಿ ಸುಣ್ಣದಂಶ ಹೆಚ್ಚಿರುವುದರಿಂದ ಅದಕ್ಕೆ ಕಬ್ಬಿಣದಂಶ ಸಿಗುವುದಿಲ್ಲ. ನರಗಳು ಹಸಿರಾಗಿಯೇ ಉಳಿದು ಉಳಿದ ಎಲೆಯೆಲ್ಲ ಹಳದಿಯಾಗಿ, ಎರಡೂ ಗಿಡಗಳು ಸಂಕ್ರಾಂತಿಯ ಹೊತ್ತಿಗೆ ಒಣಗಿದವು. ಮೂರನೆಯದು ಅಡೀನಿಯಂ. ಬುಡದಲ್ಲೇ ನೀರು ಕೂಡಿಟ್ಟುಕೊಳ್ಳುವ ಆ ಗಿಡಕ್ಕೆ ನೀರು ಸರಾಗವಾಗಿ ಬಸಿಯುವ ಮಣ್ಣು ಬೇಕು. ಕುಂಡದಲ್ಲಿದ್ದುದು ಅಂಟು ಜೇಡಿ. ಸೆಪ್ಟೆಂಬರ್ ಮಳೆಯಲ್ಲಿ ಬುಡ ಮೆತ್ತಗಾಗಿ, ಒತ್ತಿದರೆ ಬೆರಳು ಒಳಗೆ ಹೋಗುವಷ್ಟು ಕೊಳೆಯಿತು. ಇನ್ನೊಂದನ್ನು ಅಂದೇ ಕಿತ್ತು ಬೇರು ಆರಿಸಿ, ಮರಳು ಬೆರೆಸಿದ ಮಣ್ಣಿಗೆ ಹಾಕಿದ್ದರಿಂದ ಉಳಿಯಿತು. ಕಿತ್ತಳೆ ಬಣ್ಣವೆಂದು ಚೀಟಿ ಅಂಟಿಸಿದ್ದ ಒಂದು ಕಾಗದದ ಹೂ ಜನವರಿಯಲ್ಲಿ ನೇರಳೆಗೆಂಪಾಗಿ ಅರಳಿತು. ಬಣ್ಣ ಮುಖ್ಯವೆನಿಸಿದವರು ಹೂ ಬಿಟ್ಟಾಗಲೇ ಕೊಳ್ಳುವುದು ಒಳ್ಳೆಯದು.

ನೆಡುವ ಬಗ್ಗೆ ಮಾಲೀಕರು ಹೇಳಿಕೊಟ್ಟದ್ದು ಬೆಲೆಗಿಂತ ಹೆಚ್ಚಿನದು. ಎರೆಮಣ್ಣು ಬೇಸಿಗೆಯಲ್ಲಿ ಬಿರಿದಾಗ ಎಳೆಯ ಬೇರುಗಳು ಹರಿಯುತ್ತವೆ. ಆದ್ದರಿಂದ ಒಂದೂವರೆ ಅಡಿ ಗುಂಡಿಗೆ ಮಸಾರಿ (ಕೆಂಪು) ಮಣ್ಣು, ಮರಳು, ತಿಪ್ಪೆಗೊಬ್ಬರ ತುಂಬಿ, ಮೇಲೆ ನಾಲ್ಕು ಬೆರಳು ದಪ್ಪ ತೊಗರಿ ಹೊಟ್ಟು ಹರಡಲು ಹೇಳಿದರು. ತೊಗರಿಯ ಈ ನಾಡಿನಲ್ಲಿ ಹೊಟ್ಟಿಗೆ ಬರವಿಲ್ಲ. ಮೇ ತಿಂಗಳ ಮಧ್ಯಾಹ್ನ ಅದನ್ನು ಸರಿಸಿ ಕೈಯಿಟ್ಟರೆ ಕೆಳಗಿನ ಮಣ್ಣು ಇನ್ನೂ ತಂಪಾಗಿರುತ್ತದೆ.

ನನಗಿರುವ ದೊಡ್ಡ ಕೊರತೆಯೆಂದರೆ, ಇಲ್ಲಿ ತಂಗಡಿ ಸಿಗುವುದಿಲ್ಲ. ಯಾರೂ ನೀರೆರೆಯದ ರಸ್ತೆಬದಿಯಲ್ಲಿ ಹಳದಿ ಗೊಂಚಲು ಹೊತ್ತು ನಿಲ್ಲುವ, ಗಡಿಯಾಚೆ ತೆಲಂಗಾಣದಲ್ಲಿ ಹೂವಿನ ಹಬ್ಬವಾದ ಬತುಕಮ್ಮನಿಗೆ ಏರುವ, ಆ ರಾಜ್ಯದ ಪುಷ್ಪವೇ ಆಗಿರುವ ಈ ನೆಲದ ಗಿಡವನ್ನು ಬಿಟ್ಟು ನೂರಾರು ಕಿಲೋಮೀಟರ್ ದೂರದಿಂದ ಗಿಡ ತರಿಸುವುದು ಸರಿಯೆನಿಸುವುದಿಲ್ಲ. "ಅದನ್ನ ಯಾರ್ ಕೊಳ್ತಾರ್ರೀ?" ಎಂದರು. ನಾನು ಕೊಳ್ಳುತ್ತೇನೆ ಎಂದು ಹೇಳಿ ಹತ್ತು ಸಸಿಗೆ ಮುಂಗಡ ಕೊಟ್ಟು ಬಂದಿದ್ದೇನೆ.

ಕಣಗಿಲೆಗೆ 80, ಕಾಗದದ ಹೂವಿಗೆ 150, ಅಡೀನಿಯಂಗೆ 250 ರೂಪಾಯಿ ಕೊಟ್ಟಿದ್ದೆ. ಒಣಗಿದ ಇಕ್ಸೋರಾಗಳ ಬದಲು ಒಂದು ಕಣಗಿಲೆಯನ್ನು ಅರ್ಧ ಬೆಲೆಗೆ ಕೊಟ್ಟರು. ಹೋಗುವುದಾದರೆ ಬೆಳಿಗ್ಗೆ ಎಂಟರೊಳಗೆ, ಮಾಲೀಕರೇ ಇರುವ ಹೊತ್ತಿಗೆ ಹೋಗಿ. ಗಿಡಗಳನ್ನು ತೆರೆದ ಟೆಂಪೋದಲ್ಲಿ ತರುವಾಗ ಒದ್ದೆ ಗೋಣಿಚೀಲ ಹೊದಿಸಲು ಹೇಳಿ, ಕೇಳಿದರೆ ಅವರೇ ಕೊಡುತ್ತಾರೆ.