ಲೋರಿಸ್ ಅಥವಾ ಮೆನ್ಯಾನ್: ಎಳೆಯ ಗೋಲ್‌ಕೀಪರ್ ಯಾರ ಆಟ ನೋಡಿ ಕಲಿಯಬೇಕು?

ಫ್ರಾನ್ಸ್‌ನ ಈ ಇಬ್ಬರು ಫುಟ್‌ಬಾಲ್ ಗೋಲ್‌ಕೀಪರ್‌ಗಳಲ್ಲಿ ಒಬ್ಬರನ್ನು ಆರಿಸುವ ಮೊದಲು ನಿಮ್ಮ ತಂಡದ ಡಿಫೆನ್ಸ್ ಎಲ್ಲಿ ನಿಲ್ಲುತ್ತದೆ ನೋಡಿ.

ಅದು ನಡುಗೆರೆಯವರೆಗೆ ಏರಿ ಆಡುವುದಾದರೆ ಹ್ಯೂಗೊ ಲೋರಿಸ್. ಎತ್ತರ 1.88 ಮೀಟರ್, ಅವರ ಬಲವಿರುವುದು ವೇಗದಲ್ಲಿ. ಇಂಗ್ಲೆಂಡಿನ ಟಾಟನ್‌ಹ್ಯಾಮ್ ಕ್ಲಬ್‌ನಲ್ಲಿ ಡಿಫೆಂಡರ್‌ಗಳ ಬೆನ್ನ ಹಿಂದೆ ಬಿದ್ದ ಚೆಂಡಿಗೆ ಪೆನಾಲ್ಟಿ ಪ್ರದೇಶ ಬಿಟ್ಟು ನುಗ್ಗುತ್ತಿದ್ದರು. ಇಲ್ಲಿ ಹೊಸಬರು ಎಡವುವುದು ನಿಲ್ಲುವುದರಲ್ಲಿ: ಸ್ಟ್ರೈಕರ್ ಒದೆಯುವ ಕ್ಷಣಕ್ಕೆ ಎರಡೂ ಪಾದ ನೆಲದ ಮೇಲಿರಬೇಕು. ಇನ್ನೂ ಓಡುತ್ತಿದ್ದರೆ ಪಕ್ಕಕ್ಕೆ ಜಿಗಿಯಲಾಗದು. 2018ರ ವಿಶ್ವಕಪ್‌ನಲ್ಲಿ ಉರುಗ್ವೆಯ ಕಾಸೆರೆಸ್ ಹೊಡೆದ ಹೆಡರ್ ತಡೆದದ್ದನ್ನು ಮತ್ತೆ ಮತ್ತೆ ನೋಡಿ. ಅದೇ ಕಪ್‌ನ ಫೈನಲ್‌ನಲ್ಲಿ ಕ್ರೊಯೇಷಿಯಾದ ಮಾಂಜುಕಿಚ್‌ಗೆ ಬಿಟ್ಟುಕೊಟ್ಟ ಗೋಲನ್ನೂ ನೋಡಬೇಕು. ಎದುರಾಳಿ ಮೈಮೇಲೆ ಬಂದಾಗ ಹಿಂಪಾಸನ್ನು ಮೊದಲ ಸ್ಪರ್ಶದಲ್ಲೇ ದೂರ ಒದೆಯದಿದ್ದರೆ ಆಗುವುದು ಅದೇ.

ಹಿಂದಿನಿಂದಲೇ ಪಾಸ್ ಕಟ್ಟುವ ತಂಡಕ್ಕೆ ಮೈಕ್ ಮೆನ್ಯಾನ್ ಒಳ್ಳೆಯ ಗುರು. 2022ರ ಫೆಬ್ರವರಿಯಲ್ಲಿ ಇಟಲಿಯ ಮಿಲಾನ್ ಕ್ಲಬ್ ಪರ ಆಡುತ್ತಿದ್ದಾಗ, ಸಾಂಪ್ದೋರಿಯಾ ತಂಡದ ವಿರುದ್ಧ ಅವರ ಒಂದೇ ಉದ್ದನೆಯ ಒದೆತ ಸಹ ಆಟಗಾರ ಲೆಯಾವೊಗೆ ಗೋಲಾಯಿತು. ಮಿಲಾನ್ ಆ ಸಲ ಇಟಲಿಯ ಲೀಗ್ ಗೆದ್ದಿತು. ಇಂಥ ಒದೆತಕ್ಕೆ ಚೆಂಡು ಬರುವ ಮೊದಲೇ ತಲೆಯೆತ್ತಿ ನೋಡಿರಬೇಕು. ಕಾಲಿನ ಸ್ನಾಯುಗಳ ಆರೈಕೆಯನ್ನೂ ಕಡೆಗಣಿಸಬೇಡಿ: ಮೀನಖಂಡದ ಗಾಯದಿಂದ ಅವರಿಗೆ 2022ರ ವಿಶ್ವಕಪ್ ತಪ್ಪಿತು.

ವೃತ್ತಿಯ ಹಾದಿಯಲ್ಲಂತೂ ನನ್ನ ಒಲವು ಮೆನ್ಯಾನ್ ಕಡೆಗೆ. ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ಬಿನ ಹಿರಿಯರ ತಂಡದಲ್ಲಿ ಒಂದೂ ಪಂದ್ಯ ಸಿಗದೆ 2015ರಲ್ಲಿ ಲಿಲ್ ಕ್ಲಬ್ಬಿಗೆ ಹೋದರು, 2021ರಲ್ಲಿ ಪಿಎಸ್‌ಜಿಯನ್ನೇ ಹಿಂದಿಕ್ಕಿ ಫ್ರಾನ್ಸ್‌ನ ಲೀಗ್ ಗೆದ್ದರು. ಬೆಂಚಿನಲ್ಲಿ ಕೂತಿರುವ ಹುಡುಗರು ಇದನ್ನು ಗಮನಿಸಬೇಕು.