ಲಂಡನ್‌ನಿಂದ ಪ್ಯಾರಿಸ್‌ಗೆ: ವಿಮಾನವೋ, ರೈಲೋ?

ಲಂಡನ್ನಿನ ಹೀಥ್ರೂದಿಂದ ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ವಿಮಾನ ನಿಲ್ದಾಣಕ್ಕೆ ನೇರ ಆಕಾಶಮಾರ್ಗ ಸುಮಾರು 348 ಕಿ.ಮೀ. ಬೆಂಗಳೂರಿಂದ ಮಂಗಳೂರಿಗೆ ರಸ್ತೆಯಲ್ಲಿ ಹೋದಷ್ಟೇ ದೂರ. ಟಿಕೆಟ್ಟಿನಲ್ಲಿ ಮಾತ್ರ ಹೆಚ್ಚುಕಡಿಮೆ 1 ಗಂಟೆ 20 ನಿಮಿಷ ಅಂತಿರುತ್ತದೆ. ಅದರಲ್ಲಿ ವಿಮಾನ ಗಾಳಿಯಲ್ಲಿರುವುದು ಮುಕ್ಕಾಲು ಗಂಟೆಯ ಆಸುಪಾಸು. ಮಿಕ್ಕಿದ್ದೆಲ್ಲ ರನ್‌ವೇವರೆಗೆ ತೆವಳೋದು, ಸರದಿ ಕಾಯೋದು, ಇಳಿದ ಮೇಲೆ ಮತ್ತೆ ತೆವಳೋದು. ಗೇಟಿಂದ ಗೇಟಿಗೆ ಲೆಕ್ಕ ಹಾಕಿದರೆ ಸರಾಸರಿ ವೇಗ ಗಂಟೆಗೆ 260 ಕಿ.ಮೀ. ಬರುತ್ತೆ. ಲಂಡನ್ನಿಂದ ಪ್ಯಾರಿಸ್ಸಿಗೆ ಹೋಗುವ ಯೂರೋಸ್ಟಾರ್ ರೈಲು ನೆಲದ ಮೇಲೇ 300ರವರೆಗೆ ಓಡುತ್ತೆ!

ನಾನಿರೋದು ಹೌನ್‌ಸ್ಲೋದಲ್ಲಿ, ವಿಮಾನಗಳು ನೆತ್ತಿ ಸವರಿಕೊಂಡು ಹೋಗುವ ಜಾಗ. ಪಿಕಾಡಿಲಿ ಲೈನ್ ಮೆಟ್ರೋ ಹತ್ತಿದರೆ ಒಂದು ದಿಕ್ಕಿಗೆ ಕಾಲು ಗಂಟೆಯಲ್ಲಿ ಹೀಥ್ರೂ, ಇನ್ನೊಂದು ದಿಕ್ಕಿಗೆ 50 ನಿಮಿಷದಲ್ಲಿ ಯೂರೋಸ್ಟಾರ್ ಹೊರಡುವ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್. ನ್ಯಾಯವಾಗಿ ವಿಮಾನವೇ ಗೆಲ್ಲಬೇಕು. ಎರಡರಲ್ಲೂ ಓಡಾಡಿ ನೋಡಿದೆ. ಮನೆ ಬಾಗಿಲಿಂದ ಪ್ಯಾರಿಸ್ಸಿನಲ್ಲಿ ಯೂರೋಸ್ಟಾರ್ ನಿಲ್ಲುವ ಗಾರ್ ದ್ಯು ನೋರ್ ಸ್ಟೇಷನ್ ತನಕ ವಿಮಾನಕ್ಕೆ ಐದು ಗಂಟೆ ದಾಟುತ್ತೆ, ರೈಲಿಗೆ ನಾಲ್ಕೂವರೆ ಸಾಕು.

ವ್ಯತ್ಯಾಸ ಎಲ್ಲಿ ಅಂದರೆ, ನಮ್ಮ ಪಾಸ್‌ಪೋರ್ಟಿನಲ್ಲಿ. ರೈಲಿಗೆ ಹೋಗುವವರಿಗೆ ಫ್ರೆಂಚ್ ಪೊಲೀಸರು ಲಂಡನ್ ಸ್ಟೇಷನ್ನಿನಲ್ಲೇ ಕೂತು ಷೆಂಗೆನ್ ವೀಸಾ (ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ನೋಡಿ ಕಳಿಸುತ್ತಾರೆ. ರೈಲು ಹೊರಡುವ ಮುಂಚೆಯೇ ಆ ಕೆಲಸ ಮುಗಿದಿರುತ್ತೆ. 2 ಗಂಟೆ 20 ನಿಮಿಷದ ನಂತರ ಪೆಟ್ಟಿಗೆ ಎಳೆದುಕೊಂಡು ಸೀದಾ ಪ್ಯಾರಿಸ್ಸಿನ ಬೀದಿಗೆ. ವಿಮಾನದವರಿಗೆ ಆ ಸಾಲು ಇಳಿದ ಮೇಲೆ ಶುರು. ಅದು ಹತ್ತು ನಿಮಿಷವೂ ಆಗಬಹುದು, ಒಂದು ಗಂಟೆಯೂ ಆಗಬಹುದು. ಆಮೇಲೆ ಬ್ಯಾಗೇಜ್ ಬೆಲ್ಟು, ಆಮೇಲೆ ಊರೊಳಗೆ ಹೋಗಲು ಆರ್‌ಇಆರ್ ಬಿ ರೈಲಿನಲ್ಲಿ ಇನ್ನೊಂದು ಅರ್ಧ ಗಂಟೆ.

ಸಮುದ್ರದಡಿಯ ಸುರಂಗದ ಬಗ್ಗೆ ದೊಡ್ಡ ನಿರೀಕ್ಷೆ ಬೇಡ. 50 ಕಿ.ಮೀ. ಉದ್ದ, ಇಪ್ಪತ್ತು ನಿಮಿಷ ಕಿಟಕಿಯಲ್ಲಿ ಬರೀ ಕತ್ತಲೆ. ಉಪ್ಪಿನಕಾಯಿ ಬಾಟಲಿ ರೈಲಿನಲ್ಲಿ ನಿರಾತಂಕವಾಗಿ ಬರುತ್ತೆ, ದ್ರವದ ಮಿತಿ ಇಲ್ಲ. ಮೊಸರನ್ನ ಮಾತ್ರ ಲಂಡನ್ನಿನಲ್ಲೇ ತಿಂದು ಮುಗಿಸಿ: ಬ್ರೆಕ್ಸಿಟ್ ಆದ ಮೇಲೆ ಹಾಲಿನ ಪದಾರ್ಥ ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ.

ರಾತ್ರಿ ಬಸ್ಸು ಅಗ್ಗ. ಆದರೆ ಎಂಟೊಂಬತ್ತು ಗಂಟೆ, ಗಡಿಯಲ್ಲಿ ನಡುರಾತ್ರಿ ಎಬ್ಬಿಸಿ ಇಳಿಸುತ್ತಾರೆ. ವಿದ್ಯಾರ್ಥಿಗಳಿಗೆ ಸರಿ, ನನ್ನ ಸೊಂಟಕ್ಕಲ್ಲ.

ಹಾಗಂತ ವಿಮಾನ ದಂಡ ಅನ್ನಲಾರೆ. ಹೀಥ್ರೂಗೂ ಪಶ್ಚಿಮಕ್ಕಿರುವ ಸ್ಲೌ, ರೆಡಿಂಗ್ ಕಡೆಯವರು ಕೈಚೀಲವೊಂದನ್ನೇ ಹಿಡಿದು ಹೊರಟರೆ ಎರಡೂ ಸರಿಸಮ. ಮಕ್ಕಳನ್ನು ಡಿಸ್ನಿಲ್ಯಾಂಡಿಗೆ ಕರೆದೊಯ್ಯುವುದಾದರೆ ಯೋಚನೆಯೇ ಬೇಡ, ವಿಮಾನ ಹತ್ತಿ. ಶಾರ್ಲ್ ದ ಗಾಲ್‌ನ ಎರಡನೇ ಟರ್ಮಿನಲ್ ಕೆಳಗೇ ಟಿಜಿವಿ (ಫ್ರಾನ್ಸಿನ ವೇಗದ ರೈಲು) ಸ್ಟೇಷನ್ ಇದೆ, ಅಲ್ಲಿಂದ ಡಿಸ್ನಿ ಬಾಗಿಲಿಗೆ ಹತ್ತೇ ನಿಮಿಷ. ಲಿಯೋನ್‌ಗೂ ಅಲ್ಲಿಂದಲೇ ನೇರ ರೈಲು. ಗಾರ್ ದ್ಯು ನೋರ್‌ನಲ್ಲಿ ಇಳಿದವರು ಪೆಟ್ಟಿಗೆ ಸಮೇತ ಊರು ದಾಟಿ ಲಿಯೋನ್ ರೈಲು ಹೊರಡುವ ಗಾರ್ ದ ಲಿಯೋನ್ ಸ್ಟೇಷನ್ ಹುಡುಕಬೇಕು.